ಹಿಂಡಿನ ಜೋಳದ ರೊಕ್ಕ

ಸ್ಟೇಷನ್ ರಸ್ತೆ, ಬಿಜಾಪುರ
ತಾ. ೧೪-೭-೧೯೭೮

ಚಿರಂಜೀವಿ ಅಮೋಘಿಗೆ,

ನಿನ್ನ ಮಾಮ ಮಲಕಾಜಪ್ಪ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ಬಂದು ಐದು ವಾರವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲವೂ ಎದ್ದೆ. ಮಳೆಗಾಲ, ಕಂಬಳಿಗೆ ಗಿರಾಕಿ ಬಹಳ ಎಂದು ಬರೆದರೆ ನೀನು ನಂಬುತ್ತಿದ್ದೆ. ಈ ಸಲ ಮಳೆಯೂ ಅಷ್ಟಕ್ಕಷ್ಟೆ, ಗಿರಾಕಿಯೂ ಅಷ್ಟಕ್ಕಷ್ಟೆ. ತಡವಾದದ್ದು ನನ್ನಿಂದಲೇ.

ಯುದ್ಧದ ವರ್ಷ ನಮ್ಮ ಊರು ರಕ್ಷಣಾ ನಿಧಿಗೆ ಕೊಟ್ಟದ್ದು ಒಟ್ಟು ಎಷ್ಟು ಎಂದು ಕೇಳಿದ್ದೀ. ಖಾತೆ ತೆಗೆದು ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದ್ದೇನೆ:

ನಿಧಿಗೆ ಕೊಟ್ಟ ರೊಕ್ಕ ೪,೧೮೦-೦೦
ತಿಕೋಟಾದ ಬ್ಯಾಂಡಿನವರಿಗೆ ೪೫-೦೦
ಮಾಲೆ, ಕಾಯಿ, ಕರ್ಪೂರ ೧೧-೫೦
ಸಾಹೇಬರಿಗೆ ಹೊದಿಸಿದ ಕಂಬಳಿ, ಪಟಕಾ ೩೮-೦೦
ಬಬಲೇಶ್ವರಕ್ಕೆ ಜನ ಒಯ್ದ ಲಾರಿ ೬೦-೦೦
ಚಹಾ, ಭಜಿ ೨೭-೫೦
ಫೋಟೋ ೧೮-೦೦
ಒಟ್ಟು ೪,೩೮೦-೦೦

ಕೊನೆಯ ಆರು ಖರ್ಚಿನ ಇನ್ನೂರು ರೂಪಾಯಿ ನನ್ನ ಕೈಯಿಂದ ಹೋದದ್ದು. ಉಳಿದದ್ದು ಊರಿನದು ಎಂದು ನೀನು ತಿಳಿದಿದ್ದೀ. ಅಷ್ಟೇ ಹಣವನ್ನು ನನ್ನ ಉಳಿತಾಯದಿಂದ ತಿರುಗಿ ಕೊಡುತ್ತೇನೆ, ಅದರಲ್ಲಿ ಮಾಳವ್ವನ ನೆನಪಿಗೆ ಹೆರಿಗೆ ಕೋಣೆ ಕಟ್ಟಿಸಿರಿ, ಕಲ್ಲಿನ ಮೇಲೆ ಮೊದಲು ನಿಮ್ಮ ಹೆಸರು ಕೆತ್ತಿಸಿರಿ, ನಾವು ಗಡಿಯಲ್ಲಿದ್ದಾಗ ಊರನ್ನು ಎಬ್ಬಿಸಿ ನಿಲ್ಲಿಸಿದವರು ನೀವು ಎಂದು ಬರೆದಿದ್ದೀ. ಹಣ ಕಳಿಸು. ಕಲ್ಲಿನ ಮೇಲೆ ನನ್ನ ಹೆಸರು ಬೇಡ. ಯಾಕೆ ಬೇಡ ಎಂಬುದು ತಿಳಿದ ಮೇಲೆ, ಬರುವ ಮಾರ್ಚಿನಲ್ಲಿ ಪೆನ್ಶನ್ ಆಗಿ ಬಂದು ನನ್ನ ಅಂಗಡಿಯಲ್ಲಿ ಕೂಡ್ರುತ್ತೀಯೋ, ಮಗಳನ್ನು ಕರೆದುಕೊಂಡು ಬೇರೆ ದಾರಿ ಹಿಡಿಯುತ್ತೀಯೋ, ಅದು ನಿನಗೆ ಬಿಟ್ಟದ್ದು. ನನಗೆ ಮಾಳವ್ವ ಒಬ್ಬಳೇ ಮಗಳಿದ್ದಳು, ಈಗ ಅವಳಿಲ್ಲ. ನೀನೂ ಇಲ್ಲವಾದರೆ ಉಳಿಯುವುದು ಈ ಅಂಗಡಿ ಒಂದೇ.

ಮೊದಲು ಮನೆಯ ಸುದ್ದಿ. ಕಳೆದ ವಾರ ಬಿಜ್ಜರಗಿಗೆ ಹೋಗಿದ್ದೆ. ನಿನ್ನ ಮಗಳು ಸಕ್ರವ್ವ ಬಾಲವಾಡಿಗೆ ಹೋಗುತ್ತಾಳೆ, ಅರ್ಧ ತಾಸಿಗೆ ತಿರುಗಿ ಬರುತ್ತಾಳೆ. "ಯಾಕವ್ವಾ, ಸಾಲಿ ಬಾಯಾರು ಮನಿಗೆ ಕಳಸಿದ್ರೇನು?" ಎಂದರೆ, "ಅವರು ಕಳಸಿಲ್ಲ ಮುತ್ಯಾ, ನನಗ ಸಾಕಾತು" ಎಂದಳು. ನಿನ್ನ ಫೋಟೋ ತೋರಿಸಿ ಇವರ್ಯಾರು ಎಂದು ಕೇಳಿದರೆ ಪೋಲೀಸ ಎನ್ನುತ್ತಾಳೆ. ಅದನ್ನು ನೀನೇ ಬಂದು ತಿದ್ದಬೇಕು. ನಿಮ್ಮವ್ವ ಬೋರವ್ವಕ್ಕನಿಗೆ ಮೊಣಕಾಲು ನೋವು. ಬಾಯಿಗೆ ಯಾವ ನೋವೂ ಇಲ್ಲ.

ಈಗ ಆ ರೊಕ್ಕದ ವಿಷಯ. ನಿನಗೆ ಗೊತ್ತಿದ್ದದ್ದನ್ನೂ ಬರೆಯುತ್ತೇನೆ, ಯಾಕೆಂದರೆ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ನಮ್ಮವರ ಕುರಿ ಹಿಂಡು ಒಂದು ರಾತ್ರಿ ರೈತನ ಹೊಲದಲ್ಲಿ ಕೂತರೆ, ಬಿದ್ದ ಹಿಕ್ಕೆಯ ಗೊಬ್ಬರಕ್ಕೆ ಅವನು ಜೋಳ ಅಳೆದು ಕೊಡುತ್ತಾನೆ. ಉಣ್ಣೆ ಗಂಡಸರದು, ಟಗರು ಮಾರಿದ್ದು ಗಂಡಸರದು. ಹಿಂಡಿನ ಜೋಳ ಮಾತ್ರ ಹೆಂಗಸರದು. ಅದನ್ನು ಗಂಡ ಮುಟ್ಟುವುದಿಲ್ಲ, ಮಾವ ಲೆಕ್ಕ ಕೇಳುವುದಿಲ್ಲ.

ಅರವತ್ತೈದರಲ್ಲಿ ನರ್ಸ್ ಭೀಮಾಬಾಯಿ ಊರಿಗೆ ಬಂದು ನಿಮ್ಮವ್ವನ ಕಟ್ಟೆಯ ಮೇಲೆ ಕೂತು ಹೇಳಿದ್ದಳು: "ನಾಕು ಗ್ವಾಡಿ ಕಟ್ಟಿ, ಮ್ಯಾಲ ತಗಡಿನ ಪತ್ರಾ ಹೊದಿಸಿ, ನೀರಿಗೆ ಒಂದು ಹೌದ ಮಾಡಿ ಕೊಡ್ರಿ. ಸರಕಾರ ನನ್ನ ಇಲ್ಲೇ ಇಡತೈತಿ. ಕೋಣಿ ಆದ ದಿನ ಪೆಟ್ಟಿಗಿ ಹಿಡಕೊಂಡು ಬರತೇನಿ." ಅವತ್ತಿನಿಂದ ಊರಿನ ಮೂವತ್ತೊಂದು ಹಿಂಡಿನ ಮನೆಗಳ ಹೆಂಗಸರು ಒಂದೊಂದು ರಾತ್ರಿಯ ಜೋಳದಲ್ಲಿ ಒಂದೊಂದು ಸೇರು ತೆಗೆದು ನಿಮ್ಮವ್ವನ ಮನೆಯ ನೆಲದೊಳಗಿನ ಹಗೇವಿಗೆ ಹಾಕಿದರು. ಹತ್ತು ಸೇರಿಗೆ ಒಂದು ಗಂಟಿನಂತೆ ಅಕ್ಕ ಕರಿ ಉಣ್ಣೆಯ ದಾರದಲ್ಲಿ ಗಂಟು ಹಾಕುತ್ತಿದ್ದಳು. ಆರು ವರ್ಷ ಹಾಕಿದಳು. ಎಪ್ಪತ್ತೊಂದರ ಬೇಸಿಗೆಯಲ್ಲಿ ಜೋಳ ಮಾರಿದರು. ಪೇಟೆಯಲ್ಲಿ ಅಂಗಡಿ ಇದೆ, ತಿಜೋರಿ ಇದೆ ಎಂದು ರೊಕ್ಕ ನನ್ನ ಕೈಗೆ ಕೊಟ್ಟರು. ಮಾಳವ್ವನೇ ನನ್ನ ಖಾತೆಯಲ್ಲಿ ಬರೆದಳು: ಹೆರಿಗೆ ಕೋಣೆ, ಜಮಾ ೪,೧೮೦. ಅವಳ ಅಕ್ಷರ ಈಗಲೂ ಇದೆ, ನಾಲ್ಕಕ್ಕೆ ಬಾಲ ಉದ್ದ. ದಾರದ ಗಂಟು ಓದಲು ನನಗೆ ಬರುತ್ತಿರಲಿಲ್ಲ. ಖಾತೆ ಓದಲು ಬರುತ್ತಿತ್ತು. ಓದಲು ಬಂದದ್ದೆಲ್ಲ ನನ್ನದೇ ಎಂದುಕೊಳ್ಳುವುದು ನನ್ನ ಹಳೆಯ ಚಟ.

ಆ ವರ್ಷ ದೀಪಾವಳಿಯ ನಂತರ ಉಣ್ಣೆಯ ದಲಾಲಿ ಪರಸಪ್ಪ ಅಂಗಡಿಗೆ ಬಂದು ಒಂದು ಮಾತು ಹೇಳಿದ. "ಮಲಕಾಜಪ್ಪಣ್ಣಾ, ಯುದ್ಧ ಹತ್ತಿದ್ರ ಮಿಲ್ಟ್ರಿಗೆ ಕಂಬಳಿ ಬೇಕಾಕ್ಕಾವ. ನಿನ್ನಂಥಾವ್ರು ನೂರು ಮಂದಿ ಅರ್ಜಿ ಹಾಕ್ತಾರ. ನಿನ್ನ ಹೆಸರ ನಾಕು ಮಂದಿಗೆ ಗೊತ್ತಾಗೂ ಹಂಗ ಏನರೆ ಮಾಡು." ಅವನು ಚಹಾ ಕುಡಿದು ಹೋದ. ಆ ಮಾತು ನನ್ನ ಹತ್ತಿರವೇ ಉಳಿಯಿತು. ಮುಂದಿನ ತಿಂಗಳು ಯುದ್ಧ ಹತ್ತಿತು.

ಬಿಜ್ಜರಗಿಯ ಚಾವಡಿಯಲ್ಲಿ ಗಂಡಸರನ್ನು ಕೂಡಿಸಿದೆ. ನಾನು ಮಾತಾಡಿದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತು. "ನಮ್ಮ ಅಮೋಘಿ ಅಲ್ಲಿ ಗುಂಡಿಗೆ ಎದಿ ಕೊಟ್ಟು ನಿಂತಾನ, ನಾವಿಲ್ಲಿ ರೊಕ್ಕ ತಿಜೋರ್‍ಯಾಗ ಇಟಗೊಂಡು ಕುಂದ್ರೂದು ಚಂದೇನು?" ಎಂದೆ. ನಿನ್ನ ಹೆಸರು ತೆಗೆದ ಮೇಲೆ ಯಾರು ಇಲ್ಲ ಎನ್ನುತ್ತಾರೆ? ಮೂವತ್ತೊಂದು ಹೆಬ್ಬೆಟ್ಟು ಬಿದ್ದವು. ಜೋಳ ಕೂಡಿಸಿದ ಮೂವತ್ತೊಂದು ಹೆಂಗಸರಲ್ಲಿ ಒಬ್ಬಳನ್ನೂ ಕರೆದಿರಲಿಲ್ಲ. ಮರೆತದ್ದಲ್ಲ. ಕರೆದರೆ ಏನು ಹೇಳುತ್ತಾರೆ ಎಂದು ಗೊತ್ತಿದ್ದೇ ಕರೆಯಲಿಲ್ಲ.

ಮರುದಿನ ಮಾಳವ್ವ ನನ್ನೆದುರು ನಿಂತಳು. "ಯಪ್ಪಾ, ಅವರಿಗೆ ಕಂಬಳಿ ಬೇಕಂದ್ರ ಮನಿಗೊಂದು ಕಂಬಳಿ ಕೊಡೂಣು. ನಾನೂ ನಂದು ಕೊಡತೇನಿ. ಆ ರೊಕ್ಕ ಮಾತ್ರ ಬ್ಯಾಡ. ಅದು ಅವ್ವಗೋಳದು. ಅವರನ್ನ ಕೇಳು ಒಂದ ಮಾತು."

"ನಿನ್ನ ಗಂಡನ ಸಲುವಾಗೇ ಮಾಡಾಕತ್ತೇನಿ ನಾ" ಎಂದೆ.

"ನನ್ನ ಗಂಡಗ ಸರಕಾರ ಪಗಾರ ಕೊಡತೈತಿ. ನಮಗ ನರ್ಸಬಾಯಿ ಯಾರು ಕೊಡತಾರ?" ಎಂದಳು.

ನಾನು ಬಿಜಾಪುರದ ಬಸ್ಸು ಹತ್ತಿದೆ.

ನಿಧಿಯ ರೊಕ್ಕ ತೆಗೆದುಕೊಳ್ಳುವ ಜಿಲ್ಲೆಯ ಸಾಹೇಬರಿಗೆ ಬಿಡುವಾಗಿ ಬಬಲೇಶ್ವರದಲ್ಲಿ ಕಾರ್ಯಕ್ರಮ ನಡೆಯುವ ಹೊತ್ತಿಗೆ ಯುದ್ಧ ನಿಂತು ಆರು ದಿನವಾಗಿತ್ತು. ಲಾರಿ ಹತ್ತುವಾಗ ನಮ್ಮ ನೇಕಾರ ಕರೆಪ್ಪ ಕೇಳಿದ: "ಅಣ್ಣಾ, ಲಡಾಯಿ ಮುಗದೈತಂತಲ್ಲ, ಇನ್ನ ರೊಕ್ಕ ಯಾಕ?" ನಾನು ಅಂದೆ: "ಮದಿವಿ ಮುಗದ ಮ್ಯಾಲ ಪೆಂಡಾಲದವ ಬಿಡತಾನೇನಲೇ?" ಲಾರಿಯವರೆಲ್ಲ ನಕ್ಕರು. ಅವನೂ ನಕ್ಕ. ನಗಿಸಿದರೆ ಜನ ಎರಡನೆಯ ಸಲ ಕೇಳುವುದಿಲ್ಲ, ಇದು ನಾನು ವ್ಯಾಪಾರದಲ್ಲಿ ಕಲಿತದ್ದು.

ಫೋಟೋ ಪೇಪರಿನಲ್ಲಿ ಬಂತು. ಆ ತುಣುಕನ್ನು ಅರ್ಜಿಗೆ ಲಗತ್ತಿಸಿ ಸೈನ್ಯಕ್ಕೆ ಸಾಮಾನು ಖರೀದಿಸುವ ಕಚೇರಿಗೆ ಹೋದೆ. ಫೋಟೋ ನೋಡಿ ಆದೇಶ ಕೊಟ್ಟರೋ, ಕಂಬಳಿ ನೋಡಿ ಕೊಟ್ಟರೋ, ಇವತ್ತಿಗೂ ನನಗೆ ತಿಳಿದಿಲ್ಲ. ನಮ್ಮ ಕಂಬಳಿ ಒಳ್ಳೆಯದೇ ಇತ್ತು. ಆದರೆ ನಾನು ಫೋಟೋ ನಂಬಿ ಹೋಗಿದ್ದೆ, ಕಂಬಳಿ ನಂಬಿ ಹೋಗಿರಲಿಲ್ಲ. ಎರಡು ವರ್ಷದಲ್ಲಿ ಎರಡು ಸಾವಿರದ ನಾನೂರು ಕಂಬಳಿ. ಒಂದಕ್ಕೆ ನಾಲ್ಕೂವರೆ ರೂಪಾಯಿಯಂತೆ ಹತ್ತು ಸಾವಿರದ ಎಂಟುನೂರು ನನ್ನ ಲಾಭ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪು ಕೊಂಡದ್ದು ಅದರಲ್ಲೇ. ನನ್ನನ್ನು ಪೂರಾ ಕೆಟ್ಟವನೆಂದು ಬರೆದುಕೊಂಡರೂ ಲೆಕ್ಕ ತಪ್ಪಾಗುತ್ತದೆ. ಆ ಎರಡು ವರ್ಷ ಊರಿನ ನಲವತ್ತು ಮಗ್ಗಗಳಿಗೆ ಬಿಡುವಿರಲಿಲ್ಲ, ಕರೆಪ್ಪ ಮನೆಗೆ ಹೊಸ ಬಾಗಿಲು ಹಚ್ಚಿಸಿದ. ಆದೇಶ ನಿಂತ ತಿಂಗಳು ಮಗ್ಗ ನಿಂತವು. ಈಗ ಹನ್ನೆರಡು ನಡೆಯುತ್ತಿವೆ. ಉಳಿದವರು ತಿಕೋಟಾದ ಕಡೆ ಹೊಸದಾಗಿ ಹಚ್ಚಿದ ದ್ರಾಕ್ಷಿ ತೋಟಗಳಿಗೆ ಕೂಲಿ ಹೋಗುತ್ತಾರೆ.

ಭೀಮಾಬಾಯಿ ಆಮೇಲೂ ಒಂದು ವರ್ಷ ಕಾದಳು. ಕೋಣೆ ಆಗಲಿಲ್ಲ, ಅವಳಿಗೆ ಬೇರೆ ಊರು ಕೊಟ್ಟರು.

ಎಪ್ಪತ್ನಾಲ್ಕರ ಫೆಬ್ರವರಿಯದು ನಿನಗೆ ಗೊತ್ತೇ ಇದೆ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕಿತ್ತು. ನಿನ್ನ ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು, ಬಿಜಾಪುರದ ನನ್ನ ಮನೆಯಲ್ಲಿ ಹೆಣ್ಣು ದಿಕ್ಕಿರಲಿಲ್ಲ, ಹೀಗಾಗಿ ಮಾಳವ್ವ ಬಿಜ್ಜರಗಿಯಲ್ಲೇ ಉಳಿದಳು. ಸೂಲಗಿತ್ತಿ ಪೀರಾಂಬಿ ಬೆಳಗಿನ ಜಾವವೇ ಹೇಳಿದ್ದಳು: "ಇದು ನನ್ನ ಕೈ ಮೀರೇತ್ರಿ, ದವಾಖಾನಿಗೆ ಒಯ್ರಿ." ಜೀಪಿನಲ್ಲಿ ಬಿಜಾಪುರಕ್ಕೆ ತರುವಾಗ ತಿಕೋಟಾ ದಾಟಿದ ಮೇಲೆ ಸಕ್ರವ್ವ ಹುಟ್ಟಿದಳು. ರಕ್ತ ನಿಲ್ಲಲಿಲ್ಲ, ಮಾಳವ್ವ ದಾರಿಯಲ್ಲೇ ಹೋದಳು. ಮುಂದೆ ಒಂದು ದಿನ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಭೀಮಾಬಾಯಿ ಸಿಕ್ಕಳು. ನೀನಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ನಾನಾಗಿಯೇ ಕೇಳಿದೆ. ಕೇಳಬಾರದಿತ್ತು. "ರಕ್ತ ನಿಲ್ಲಸೂ ಸೂಜಿಮದ್ದು ನನ್ನ ಪೆಟ್ಟಿಗ್ಯಾಗ ಯಾವತ್ತೂ ಇರತೈತ್ರಿ ಸಾವಕಾರ್ರ" ಎಂದಳು. ಬೆಲೆ ಎಷ್ಟು ಎಂದೆ. ಎಂಥವನು ನೋಡು, ಆಗಲೂ ಬೆಲೆ ಕೇಳಿದೆ. "ರೂಪಾಯಿ ಒಳಗ ಬರತೈತ್ರಿ" ಎಂದಳು.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಬರೆಯುತ್ತಿದ್ದೇನೆ ಎಂದು ನೀನು ಕೇಳಬಹುದು. ನಿನ್ನ ಪತ್ರ ಬಂದ ದಿನಗಳಲ್ಲೇ ರೇಡಿಯೋದಲ್ಲಿ ಒಂದು ಸುದ್ದಿ ದಿನವೂ ಬರುತ್ತಿತ್ತು. ವಿಶ್ವಸಂಸ್ಥೆಯಲ್ಲಿ ಎಲ್ಲ ದೇಶದವರು ಕೂತು, ಬಂದೂಕು ಬಾಂಬುಗಳನ್ನು ಕಡಿಮೆ ಮಾಡಿ ಆ ಹಣವನ್ನು ಬಡ ದೇಶಗಳ ಸಾಲಿ ದವಾಖಾನೆಗೆ ಹಾಕುವ ಮಾತಾಡುತ್ತಿದ್ದಾರೆಂದು. ನಮ್ಮ ಅಂಗಡಿಯ ಎದುರಿಗೆ ಬಾಬುಸಾಬನ ಚಹಾದಂಗಡಿ, ಅಲ್ಲಿ ನಿವೃತ್ತ ಮಾಸ್ತರ ಭಾಗಪ್ಪನವರು ಪೇಪರು ಓದಿ ಹೇಳುತ್ತಾರೆ.

"ಜಗತ್ತಿನ ಎಲ್ಲಾ ದೇಶ ಕೂಡಿ ದಂಡಿಗೆ, ಮದ್ದುಗುಂಡಿಗೆ ಮಾಡೂ ಖರ್ಚು ನಿಮಿಷಕ್ಕ ಅರವತ್ತ ಲಕ್ಷ ರೂಪಾಯಿ ಹತ್ರ ಬರತೈತ್ರಿ" ಎಂದರು ಮಾಸ್ತರರು.

ಬಾಬುಸಾಬ ಚಹಾ ಸೋಸುತ್ತ, "ಮಾಸ್ತರ್ರ, ನಿಮ್ಮ ಬಾಕಿ ಒಂಬತ್ತ ರೂಪಾಯಿ ಐತ್ರಿ, ಅದರಾಗ ಹಿಡೀಲ್ಯಾ?" ಎಂದ.

ಎಲ್ಲರೂ ನಕ್ಕರು. ನನ್ನ ತಲೆ ಲೆಕ್ಕಕ್ಕೆ ಇಳಿದಿತ್ತು. ನಾಲ್ಕು ಸಾವಿರಕ್ಕೊಂದು ಕೋಣೆ ಹಿಡಿದರೆ ನಿಮಿಷಕ್ಕೆ ಒಂದೂವರೆ ಸಾವಿರ ಕೋಣೆ. ನಾನು ಆ ಚಹಾ ಮುಗಿಸುವುದರೊಳಗೆ ನಮ್ಮ ಜಿಲ್ಲೆಯ ಹಳ್ಳಿಗಳೆಲ್ಲ ಮುಗಿದು ಪಕ್ಕದ ಜಿಲ್ಲೆಗೆ ಹೋಗಬೇಕಾಗಿತ್ತು. ಹಾಗಾದರೆ ನಮ್ಮ ನಾಲ್ಕು ಸಾವಿರದ ನೂರಾ ಎಂಬತ್ತು ಆ ಖರ್ಚಿನಲ್ಲಿ ಎಷ್ಟು ಹೊತ್ತಿಗೆ ಸಾಕಾಯಿತು? ಕಣ್ಣು ಮುಚ್ಚಿ ತೆಗೆಯುವಷ್ಟೂ ಅಲ್ಲ. ಅಲ್ಲಿ ಅದು ಇದ್ದರೂ ಇಲ್ಲದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಅದು ನಾಲ್ಕು ಗೋಡೆ, ಒಬ್ಬ ನರ್ಸು.

ನೀನು ಹಿಮದಲ್ಲಿ ನಿಂತವನು, ನಿನಗೆ ನಾನು ಇದನ್ನು ಬರೆಯುವುದು ಸರಿಯೋ ಅಲ್ಲವೋ. ದಂಡು ಬೇಡ ಎನ್ನುವಷ್ಟು ಶಾಣ್ಯಾ ನಾನಲ್ಲ. ಗಡಿ ಕಾಯುವವನಿಗೆ ಕಂಬಳಿ ಬೇಕು, ಅದರ ಬೆಲೆ ದೇಶ ಕೊಡಬೇಕು. ನನಗೆ ತಿಳಿದದ್ದು ಇಷ್ಟೆ: ಗಡಿಯ ಹೆಸರು ಹೇಳಿದಾಗ ಯಾರೂ ರಸೀದಿ ಕೇಳುವುದಿಲ್ಲ. ಹೆರಿಗೆ ಕೋಣೆಗೆ ಮಾತ್ರ ಆರು ವರ್ಷ ಗಂಟು ಹಾಕಬೇಕು. ರಸೀದಿ ಕೇಳದ ಜಾಗದಲ್ಲಿ ನನ್ನಂಥ ವ್ಯಾಪಾರಸ್ಥ ನಿಂತಿರುತ್ತಾನೆ. ಐದು ವಾರ ಕೂತು ಅವರು ಒಂದು ಕಾಗದ ಬರೆದು ಎದ್ದರಂತೆ. ಮಾಸ್ತರರಿಗೆ ಅದರಲ್ಲಿ ನಂಬಿಕೆ ಇದೆ. ಆ ಸಭೆಯ ಬಾಗಿಲ ಹೊರಗೆ ನನ್ನಂಥವರು ಎಷ್ಟು ಮಂದಿ ಅರ್ಜಿ ಹಿಡಿದು ನಿಂತಿದ್ದರೋ ಎಂದು ನಾನು ಯೋಚಿಸಿದೆ.

ಹೋದ ವಾರ ಇದನ್ನೆಲ್ಲ ನಿಮ್ಮವ್ವನ ಎದುರು ಹೇಳಿದೆ, ದಲಾಲಿ ಬಂದದ್ದು, ಫೋಟೋ, ಲಾಭ, ಎಲ್ಲ. ಅಕ್ಕ ಉಣ್ಣೆ ಹಿಂಜುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಗೊತ್ತಿತ್ತಲೇ ಮಲಕಾಜಿ" ಎಂದಳು. "ನೀ ಇನ್ನೂರು ರೂಪಾಯಿ ಕೈಯಿಂದ ಹಾಕಿದಿ ಅಂದಾಗನ ತಿಳೀತು. ನೀ ಸುಮ್ಮಸುಮ್ಮನ ಹಾಕಾವಲ್ಲ."

ಅವಳು ಮತ್ತೆ ದಾರ ಹಿಡಿದಿದ್ದಾಳಂತೆ. ನನಗೆ ಈಗ ಗೊತ್ತಾಯಿತು. ಎಪ್ಪತ್ನಾಲ್ಕರಿಂದ ಹೆಂಗಸರು ಜೋಳ ಕೂಡಿಸುತ್ತಿದ್ದಾರೆ, ರೊಕ್ಕ ತಿಕೋಟಾದ ಪೋಸ್ಟಿನಲ್ಲಿ ಮೂವರು ಹೆಂಗಸರ ಹೆಸರಿನಲ್ಲಿದೆ, ಎರಡು ಸಾವಿರದ ಒಂಬೈನೂರು. ಈಗ ಕೋಣೆಗೆ ಆರೂವರೆ ಸಾವಿರ ಬೇಕು. ಉಳಿದದ್ದನ್ನು ನಾನು ಹಾಕುತ್ತೇನೆ ಎಂದೆ.

"ಹಾಕು. ಬ್ಯಾಡನ್ನೂದಿಲ್ಲ. ಆದ್ರ ಹೆಸರ ಹಾಕಸಬ್ಯಾಡ, ಬ್ಯಾಂಡ ತರಬ್ಯಾಡ" ಎಂದಳು. ಹಿಂಜಿದ ಉಣ್ಣೆಯನ್ನು ಬುಟ್ಟಿಗೆ ಹಾಕಿ, "ಮಾತೂ ಆಡಬ್ಯಾಡ" ಎಂದಳು.

ಆದ್ದರಿಂದ ನೀನು ಕಳಿಸುವ ಹಣವನ್ನು ನಿಮ್ಮವ್ವನ ಹೆಸರಿಗೆ ಮನಿಯಾರ್ಡರ್ ಮಾಡು. ನನ್ನ ವಿಳಾಸಕ್ಕೆ ಬೇಡ. ಕೋಣೆಯಾಗಿ ಮಿಕ್ಕದ್ದನ್ನು ಏನು ಮಾಡಬೇಕೆಂದು ಆ ಹೆಂಗಸರು ಹೇಳುತ್ತಾರೆ. ಮಾಳವ್ವನ ಹೆಸರು ಕಲ್ಲಿನ ಮೇಲೆ ಬರಬೇಕೋ ಬೇಡವೋ ಎಂಬುದನ್ನೂ ಅವರೇ ಹೇಳಲಿ. ನನ್ನನ್ನು ಕೇಳಬೇಡ.

ಅಲ್ಲಿ ಚಳಿ ಬಹಳ ಎಂದು ಬರೆದಿದ್ದೀ. ಎದೆ ಬೆಚ್ಚಗಿಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ಕೈಕಾಲು ಗಟ್ಟಿ ಇದ್ದು ಮಗಳ ಕಡೆ ತಿರುಗಿ ಬಾ. ಇದಕ್ಕಿಂತ ದೊಡ್ಡ ಆಶೀರ್ವಾದ ಮಾಡಲು ನನಗೆ ಈಗ ಬಾಯಿಲ್ಲ.

ಇಂತಿ ನಿನ್ನ ಮಾಮ,
ಮಲಕಾಜಪ್ಪ

ತಾ.ಕ.: ಪತ್ರ ಮಡಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ ಎಂದೆನಲ್ಲ, ಇದನ್ನು ಹೇಳಿಲ್ಲ. ಅವತ್ತು ಜೀಪು ಕೆಟ್ಟು ನಿಂತಿತ್ತು, ಅದಕ್ಕೇ ತಡವಾಯಿತು ಎಂದು ನಿನಗೆ ಬರೆದಿದ್ದೆ. ಕೆಟ್ಟಿರಲಿಲ್ಲ.

ಅವತ್ತು ಕೊನೆಯ ಆರುನೂರು ಕಂಬಳಿಯನ್ನು ಮಧ್ಯಾಹ್ನ ಹನ್ನೆರಡರೊಳಗೆ ರೈಲ್ವೆ ಗೂಡ್ಸಿನಲ್ಲಿ ಬುಕ್ ಮಾಡಬೇಕಿತ್ತು. ತಪ್ಪಿದರೆ ಬಿಲ್ಲಿನಲ್ಲಿ ನೂರಕ್ಕೆ ಎರಡು ರೂಪಾಯಿ ದಂಡ. ಕರೆಪ್ಪ ಮೊದಲ ಬಸ್ಸಿಗೆ ಬಂದು ಒಂಬತ್ತೂವರೆಗೆ ನನ್ನ ಅಂಗಡಿಯ ಮುಂದೆ ನಿಂತು ಸುದ್ದಿ ಹೇಳಿದ. ಜೀಪು ಅಲ್ಲೇ ನಿಂತಿತ್ತು, ಹಿಂದೆ ಅರ್ಧ ಮೂಟೆ ಏರಿಸಿತ್ತು. ಡ್ರೈವರ್ ಸಿಕಂದರ ಅಂದ: "ಕಾಕಾ, ಮೂಟಿ ಇಳಸತೇನಿ, ಮೊದ್ಲ ಬಿಜ್ಜರಗಿಗೆ ಹೊಕ್ಕೇನಿ." ನಾನು ಅಂದೆ: "ಇನ್ನ ಮೂರ ಖೇಪ ಐತಿ. ಚೊಚ್ಚಲ ಹೆರಿಗಿ, ಸಂಜೀತನಕ ಹಿಡಿತೈತಿ. ಮುಗಿಸಿ ಹೋಗು." ಅವನು ಹೊರಟಾಗ ಹನ್ನೆರಡೂಕಾಲು. ಮೂಟೆ ಒಯ್ಯಲು ಟಾಂಗಾ ಇದ್ದವು, ಹೋಗಿಬರುವ ಒಂದು ಖೇಪಿಗೆ ಮೂರು ರೂಪಾಯಿ. ನೆನಪಾಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ನೆನಪಾಗಿತ್ತು. ಮನೆಯ ಜೀಪು ಇರುವಾಗ ಒಂಬತ್ತು ರೂಪಾಯಿ ಯಾಕೆ ಎಂದುಕೊಂಡೆ. ಸಿಕಂದರ ಆ ತಿಂಗಳೇ ಕೆಲಸ ಬಿಟ್ಟ. ಕರೆಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ, ಅವನ ಮಗ್ಗಕ್ಕೆ ನೂಲು ಕೊಡುವವನು ನಾನು.

ಆ ದಿನ ಯಾರಿಗೆ ಏನು ಸಿಕ್ಕಿತು ಎಂಬುದು ನನ್ನ ಖಾತೆಯಲ್ಲಿ ಎಲ್ಲಿಯೂ ಇಲ್ಲ. ಇಲ್ಲಿ ಬರೆಯುತ್ತೇನೆ.

ಸೈನ್ಯಕ್ಕೆ ಆರುನೂರು ಕಂಬಳಿ, ಹೇಳಿದ ಹೊತ್ತಿಗೆ.
ನನಗೆ ದಂಡ ತಪ್ಪಿದ್ದು ಮುನ್ನೂರಾ ಎಂಬತ್ನಾಲ್ಕು ರೂಪಾಯಿ, ಟಾಂಗಾ ತಪ್ಪಿದ್ದು ಒಂಬತ್ತು.
ಸಿಕಂದರನಿಗೆ ದಿನದ ಪಗಾರ ಎಂಟು ರೂಪಾಯಿ, ಅವನು ಮುಟ್ಟಲಿಲ್ಲ.
ಸಕ್ರವ್ವನಿಗೆ ಒಬ್ಬ ಅಜ್ಜಿ.
ನಿನಗೆ ಒಂದು ತಂತಿ.
ಮಾಳವ್ವನಿಗೆ ತಿಕೋಟಾದ ಆಚೆ ಎರಡು ಮೈಲಿ ದಾರಿ.